ಹಳದಿ ಕಾರಿನ ಖಾಲಿ ಸೀಟು

ಮರುಬಿತ್ತಿನ ತೊಂಬತ್ತೆರಡನೆಯ ವರ್ಷ, ಪುಷ್ಯ ಬಹುಳ ನಲವತ್ತೊಂದು, ಮಧ್ಯಾಹ್ನ.

ಶ್ರೀವತ್ಸನಿಗೆ ಕಾರಮ್ಮ ಮಾಡುವ ಆಶೀರ್ವಾದ.

ಬಹುಳದಲ್ಲಿ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನಗಬೇಡ. ಇಲ್ಲಿ ಮಾಗಿ ಆರು ತಿಂಗಳು. ಮಂಜು ಕವಿದ ಮೇಲೆ ಚಂದ್ರ ಕಾಣುವುದಿಲ್ಲ, ಅಮಾವಾಸ್ಯೆ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಮಂಜು ಹರಿಯುವವರೆಗೆ ಬಹುಳವನ್ನೇ ಎಣಿಸಿಕೊಂಡು ಹೋಗುತ್ತೇವೆ. ಮರುಬಿತ್ತು ನಮ್ಮ ಶಕೆಯ ಹೆಸರು; ನಿಮ್ಮ ಲೆಕ್ಕಕ್ಕೆ ಇದು ಇನ್ನು ನೂರ ತೊಂಬತ್ತು ವರ್ಷದ ಮೇಲಿನ ಮಾತು. ಬರಹದಲ್ಲಿ ತಪ್ಪಿದ್ದರೆ ಹೊಂದಿಸಿಕೋ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಮೂರೇ ವರ್ಷ. ನಮ್ಮ ಮೇಷ್ಟರಿಗೆ ಅಕ್ಷರಕ್ಕಿಂತ ಬೆತ್ತ ಚೆನ್ನಾಗಿ ಬರುತ್ತಿತ್ತು.

ಇನ್ನೊಂದು ಮಾತು. ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನೀನು ನನ್ನ ಅಪ್ಪ. ಆದರೆ ಇದನ್ನು ಓದುವ ಹೊತ್ತಿಗೆ ನಿನಗೆ ಮೂವತ್ತನಾಲ್ಕು, ಬರೆಯುವ ಹೊತ್ತಿಗೆ ನನಗೆ ಎಪ್ಪತ್ತಮೂರು. ಮೊಮ್ಮಕ್ಕಳ ವಯಸ್ಸಿನವನಿಗೆ ನೀವು ತಾವು ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ನಿನ್ನ ಎಡಗಡೆ ಸೀಟಿನಲ್ಲಿ ಕೆಂಪು ಮಂಕಿ ಟೋಪಿ ಹಾಕಿಕೊಂಡು, ಕಾಲು ಆಡಿಸಿಕೊಂಡು ಕೂತಿದ್ದಾಳಲ್ಲ ಐದು ವರ್ಷದ ಇಳಾ, ಅವಳೇ ನಾನು. ಈ ಕಾಗದ ಪೂರ್ತಿ ಓದುವವರೆಗೆ ಕೀಲಿ ತಿರುಗಿಸಬೇಡ. ನಿನ್ನ ಜೀವದ ಪ್ರಶ್ನೆ. ಜೀವಕ್ಕಿಂತ ಕೆಟ್ಟದ್ದರ ಪ್ರಶ್ನೆ.

ಆಗುವುದನ್ನು ಹೇಳುತ್ತೇನೆ, ಕೇಳು. ಇನ್ನೊಂದು ಗಳಿಗೆಗೆ ನೀನು ನಿನ್ನ ಹಳದಿ ಕಾರನ್ನು ನೆಲಮಾಳಿಗೆಯಿಂದ ಹೊರಗೆ ತೆಗೆಯುತ್ತೀಯ. ಭಾನುವಾರ, ಬೆಳಗಿನ ಚಳಿ, ಮಗಳಿಗೆ ಬೆಟ್ಟದ ಮೇಲೆ ಸೂರ್ಯೋದಯ ತೋರಿಸುವ ಹುರುಪು. ಚಿಕ್ಕಬಳ್ಳಾಪುರ ದಾಟಿ ಗೂಬೆಕಲ್ಲು ಬೆಟ್ಟ ಹತ್ತುತ್ತೀಯ. ಹನ್ನೊಂದನೆಯ ತಿರುವಿನಲ್ಲಿ ಮಂಜು ಗೋಡೆಯ ಹಾಗೆ ನಿಂತಿರುತ್ತದೆ, ರಸ್ತೆ ಇಬ್ಬನಿಗೆ ಒದ್ದೆಯಾಗಿರುತ್ತದೆ. ನೀನು ಜೋರಾಗಿ ಹೋಗುವುದಿಲ್ಲ, ಆ ಸುಳ್ಳು ಆಪಾದನೆ ನಾನು ಹೊರಿಸುವುದಿಲ್ಲ. ನಿಧಾನವಾಗಿಯೇ ತಿರುಗಿಸುತ್ತೀಯ. ಆದರೂ ಕಾರು, ಎಣ್ಣೆ ಸವರಿದ ಕಾವಲಿಯ ಮೇಲೆ ದೋಸೆ ಜಾರುವ ಹಾಗೆ, ಸದ್ದಿಲ್ಲದೆ ಜಾರುತ್ತದೆ. ನೀನು ಎಡಗೈ ಚಾಚಿ ನನ್ನ ಎದೆಗೆ ಅಡ್ಡ ಹಿಡಿದು, "ಹೆದರ್ಬೇಡ ಮರಿ, ಬ್ರೇಕ್ ಹಿಡ್ದಿದೀನಿ" ಅಂದೆ. ಆಮೇಲೆ ಎಲ್ಲ ಬೆಳ್ಳಗಾಯಿತು.

ಬಿಳಿ ಕರಗಿದಾಗ ಕಿಟಕಿಯ ಹೊರಗೆ ಸೌದೆ ಹೊರೆ ಹೊತ್ತ ಒಬ್ಬಳು ಹೆಂಗಸು ಬಾಯಿ ತೆರೆದು ನಿಂತಿದ್ದಳು. ಅವಳು ಅಕ್ಕಯಮ್ಮ, ನನ್ನನ್ನು ಸಾಕಿದ ತಾಯಿ. ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಇಂಜಿನ್ ಬಿಸಿಯಾಗಿತ್ತು. ನಿನ್ನ ಸೀಟಿನ ಬೆಲ್ಟು ಹಾಕಿದ್ದು ಹಾಕಿದ ಹಾಗೇ ಇತ್ತು, ಬೆಲ್ಟಿನ ಒಳಗೆ ನೀನಿರಲಿಲ್ಲ. ಅಕ್ಕಯಮ್ಮ ಬೆಟ್ಟವೆಲ್ಲ ಹುಡುಕಿಸಿದಳು. ಕೊನೆಗೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಳು. ಕಾರಿನಲ್ಲಿ ಬಂದವಳೆಂದು ಊರು ನನ್ನನ್ನು ಕಾರಮ್ಮ ಎಂದಿತು.

ನಮ್ಮ ಕಾಲದಲ್ಲಿ ಕಾರು ಓಡಿಸುವವರು ಯಾರೂ ಇಲ್ಲ. ಒಯ್ಯುಗೂಡು ಎಂಬ ಪೆಟ್ಟಿಗೆಗಳಿವೆ. ಒಳಗೆ ಕೂತು ಊರಿನ ಹೆಸರು ಹೇಳಿದರೆ ತಾವೇ ಕರೆದುಕೊಂಡು ಹೋಗುತ್ತವೆ. ಅವಕ್ಕೆ ಹೆದರಿಕೆ ಕಲಿಸಿದ್ದಾರೆ. ರಸ್ತೆಯ ಮೇಲೆ ಗಾಜುಮಂಜು ಹೆಪ್ಪುಗಟ್ಟಿದರೆ, ಅಂದರೆ ಕಣ್ಣಿಗೆ ಕಾಣದ ಹಾಗೆ ನೀರು ಕಲ್ಲಾದರೆ, ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಒಳಗಿರುವವಳು ಬಸುರಿಯಾಗಿರಲಿ, ಸಾಯುತ್ತಿರಲಿ, ಕದಲುವುದಿಲ್ಲ. ಎಷ್ಟೋ ಸಲ ಅವನ್ನು ಒದ್ದಿದ್ದೇನೆ. ಆದರೆ ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ, ಈ ಪೆಟ್ಟಿಗೆಯ ಹೆದರಿಕೆಯಲ್ಲಿ ಕಾಲು ಭಾಗ ನಮ್ಮಪ್ಪನಿಗೆ ಇದ್ದಿದ್ದರೆ ಸಾಕಿತ್ತು ಅಂತ.

ನಿನ್ನ ಕಾರನ್ನು ಈ ಅರವತ್ತೆಂಟು ವರ್ಷ ನಾನೇ ನೋಡಿಕೊಂಡಿದ್ದೇನೆ. ಕಲ್ಲಿನ ಕೊಟ್ಟಿಗೆ ಕಟ್ಟಿಸಿ, ನಾಲ್ಕು ಮೂಲೆಗೆ ಮರದ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದ್ದೇನೆ, ಗಾಲಿ ನೆಲಕ್ಕೆ ತಾಗಿದರೆ ಒಂದೇ ಕಡೆ ಚಪ್ಪಟೆಯಾಗುತ್ತದಲ್ಲ. ವಾರಕ್ಕೊಮ್ಮೆ ಕೈಯಿಂದ ಗಾಲಿ ತಿರುಗಿಸುತ್ತೇನೆ. ಬ್ರೇಕಿನ ಎಣ್ಣೆ ಒಣಗಿದಾಗ ಹರಳೆಣ್ಣೆ ಸೋಸಿ ತುಂಬಿದೆ. ಟೈರಿನ ಗಾಳಿ ಹೋದ ಮೇಲೆ ರಾಗಿ ಹುಲ್ಲು ಗಿಡಿದು ತುಂಬಿದೆ. ಬಣ್ಣ ಮಾಸದಿರಲೆಂದು ಜೇನುಮೇಣ ಉಜ್ಜಿದೆ. ಕಾರಿನ ಜೊತೆ ಬಂದ ನಿನ್ನ ಪುಸ್ತಕದ ಚಿತ್ರ ನೋಡಿಕೊಂಡೇ ಎಲ್ಲ ಕಲಿತೆ. ನನ್ನ ಗಂಡ, ಪಾಪ, ದೇವರಂಥ ಮನುಷ್ಯ, ಒಂದು ಸಲ ಮಾತ್ರ ರೇಗಿ, "ನಂಗೆ ಒಂದಿನ ಬೆನ್ನುಜ್ಜಿದ್ಯಾ? ಆ ಹೆಣಕ್ಕೆ ದಿನಾ ಮೇಣ ಹಚ್ತೀಯಲ್ಲೇ" ಅಂದ. ನಾನು, "ಅದು ಹೆಣ ಅಲ್ಲ, ಅದಕ್ಕೇ ಹಚ್ಚೋದು" ಅಂದೆ. ಅವನು ಮತ್ತೆ ಆ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ.

ಹೆಣ ಅಲ್ಲ ಎಂದು ನನಗೆ ಗೊತ್ತು. ಪ್ರತಿ ವರ್ಷ ಬಹುಳ ನಲವತ್ತೆರಡರ ಬೆಳಿಗ್ಗೆ, ಅಂದರೆ ನಾನು ಬಂದ ದಿನ, ಕೊಟ್ಟಿಗೆಯ ಬಾಗಿಲು ಹಾಕಿದ್ದರೂ ಒಳಗೆ ಮಂಜು ತುಂಬುತ್ತದೆ. ಒಣಗಿದ ಟೈರುಗಳ ಮೇಲೆ ಇಬ್ಬನಿ ಕೂರುತ್ತದೆ. ಮುಂದಿನ ಎರಡು ಗಾಲಿ ತಾವಾಗಿ ಬಲಕ್ಕೆ ತಿರುಗುತ್ತವೆ. ಬ್ರೇಕಿನ ಕಾಲೊತ್ತು ಮೆಲ್ಲಗೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಹಿಂದಿನ ದಿನ ನಾನು ಬಿಚ್ಚಿಟ್ಟ ಬೆಲ್ಟು ಮತ್ತೆ ಹಾಕಿಕೊಂಡಿರುತ್ತದೆ. ಸೀಟಿಗೆ ಅಂಗೈ ಇಟ್ಟರೆ ಈಗತಾನೆ ಯಾರೋ ಕೂತಿದ್ದ ಬಿಸಿ. ಮಂಜು ಹರಿದ ಮೇಲೆ ಕಾಲೊತ್ತು ಮೇಲೆ ಬರುತ್ತದೆ, ಸೀಟು ತಣ್ಣಗಾಗುತ್ತದೆ. ಶ್ರೀವತ್ಸ, ನೀನು ಸತ್ತಿಲ್ಲ, ಎಲ್ಲಿಗೂ ಹೋಗಿಲ್ಲ. ಹನ್ನೊಂದನೆಯ ತಿರುವಿನಲ್ಲಿ ಬ್ರೇಕ್ ಒತ್ತಿಕೊಂಡು ಇನ್ನೂ ಕೂತಿದ್ದೀಯ.

ಇದಕ್ಕೆಲ್ಲ ಕಾರಣ ದೆವ್ವವಲ್ಲ, ಟೈರು. ನನಗೆ ಚೆನ್ನಾಗಿ ನೆನಪಿದೆ. ಬೆಟ್ಟಕ್ಕೆ ಹೋಗುವ ಮುನ್ನ ಒಂದು ಸಂಜೆ ಗಾಳಿ ತುಂಬಿಸಲು ಹೋಗಿದ್ದೆವು. ನಾನು ನಿನ್ನ ಹೆಗಲ ಮೇಲಿದ್ದೆ. ಟೈರ್ ಅಂಗಡಿಯವನು ಕುಕ್ಕರುಗಾಲಲ್ಲಿ ಕೂತು ರಬ್ಬರಿಗೆ ಉಗುರು ಒತ್ತಿ ನೋಡಿದ. "ಸಾರ್, ಗ್ರಿಪ್ಪೇನೋ ಹೊಸದ್ರಂಗೇ ಐತೆ. ಆದ್ರೆ ರಬ್ಬರ್ ಸತ್ತೋಗೈತೆ. ಎಂಟು ವರ್ಷ ಆಗೋಯ್ತು. ಚಳೀಲಿ ಕಲ್ಲಾಗ್ತದೆ, ಹಿಡಿಯಾಕಿಲ್ಲ. ನಾಲ್ಕೂ ಚೇಂಜ್ ಮಾಡ್ಬಿಡಿ" ಅಂದ. ನೀನು ನಕ್ಕು, "ಓಡಿರೋದೇ ಆರು ಸಾವಿರ ಕಿಲೋಮೀಟರ್ ಕಣಪ್ಪ, ಹೊಸದನ್ನ ಯಾರಾದ್ರೂ ಎಸೀತಾರಾ?" ಅಂದೆ. ಅವನು ಚೀಟಿಯಲ್ಲಿ ಬರೆದುಕೊಟ್ಟ. ಅದರ ಕೆಳಗೆ ನೀನು 'ಮುಂದಿನ ಸರ್ವೀಸಿಗೆ' ಎಂದು ಗೀಚಿದೆ. ಆ ಚೀಟಿ ನನ್ನ ಹತ್ತಿರ ಈಗಲೂ ಇದೆ.

ಹಲ್ಲಿನ ಡಾಕ್ಟರು ನೀನು. ಊರವರ ಬಾಯಿಗೆಲ್ಲ ಕನ್ನಡಿ ಹಿಡಿದು, ಮೇಲೆ ಬೆಳ್ಳಗಿದ್ದರೂ ಒಳಗೆ ಹುಳುಕಾಗಿದೆ ಎಂದು ಹೇಳಿ ಕೀಳುತ್ತಿದ್ದವನಿಗೆ ಸ್ವಂತ ಟೈರಿನ ಹುಳುಕು ಕಾಣಲಿಲ್ಲವಲ್ಲ! ಬಟ್ಟೆ ಹೊದಿಸಿ, ಬಿಸಿಲು ತಾಗದ ಹಾಗೆ ಮುಚ್ಚಿಟ್ಟು, ಹದಿನೈದು ದಿನಕ್ಕೊಮ್ಮೆ ಓಡಿಸಿ, ಸವೆಯಲಿಲ್ಲ ಎಂದು ಹಿಗ್ಗಿದೆ. ಓಡಿದರೆ ಸವೆಯುತ್ತದೆ, ನಿಂತರೆ ಸಾಯುತ್ತದೆ. ಟೈರಿಗೂ ಅಷ್ಟೆ, ಮನುಷ್ಯರಿಗೂ ಅಷ್ಟೆ.

ಈಗ ಈ ಕಾಗದ ನಿನಗೆ ಹೇಗೆ ಸಿಕ್ಕಿತು ಎಂಬುದು. ಬಹುಳ ನಲವತ್ತೆರಡರ ಆ ಒಂದು ಬೆಳಿಗ್ಗೆ ಕಾರಿನ ಮುಂದಿನ ಡಬ್ಬಿಯಲ್ಲಿ ಏನಿಟ್ಟರೂ ಮಂಜಿನ ಜೊತೆ ಹೋಗಿಬಿಡುತ್ತದೆ. ಹದಿನೇಳು ವರ್ಷದ ಹಿಂದೆ, ದೃಷ್ಟಿ ತೆಗೆದ ನಿಂಬೆಹಣ್ಣನ್ನು ಮರೆತು ಅಲ್ಲಿಟ್ಟಿದ್ದೆ. ಮಾಯವಾಯಿತು. ಆಗ ತಟ್ಟನೆ ನೆನಪಾಯಿತು. ಬೆಟ್ಟಕ್ಕೆ ಹೋಗುವ ಮೊದಲು, ನಾನು ಇನ್ನೂ ಚಿಕ್ಕವಳಿದ್ದಾಗ, ಮನೆಯಲ್ಲಿ ಒಂದು ಜಗಳ. "ನಿಮ್ಮಮ್ಮ ನನ್ನ ಕಾರಲ್ಲಿ ಮಾಟದ ನಿಂಬೆಹಣ್ಣು ಇಟ್ಟಿದಾರೆ" ಎಂದು ನೀನು ಕುಣಿದಾಡಿದೆ. ಅಮ್ಮ, "ನಮ್ಮಮ್ಮಂಗೆ ಮಾಟ ಬರೋ ಹಾಗಿದ್ರೆ ಮೊದ್ಲು ನಿಮ್ಮ ಗೊರಕೆ ನಿಲ್ಲಿಸ್ತಿದ್ರು" ಅಂದಳು. ಆ ನಿಂಬೆಹಣ್ಣು ನನ್ನದು. ನಿನ್ನ ಅತ್ತೆಗೆ ತಪ್ಪಾಯಿತು ಎಂದು ಹೇಳು.

ಇಷ್ಟು ತಿಳಿದ ಮೇಲೂ ಹದಿನೇಳು ವರ್ಷ ಸುಮ್ಮನಿದ್ದೆ. ಯಾಕೆಂದರೆ ನೀನು ಬೆಟ್ಟಕ್ಕೆ ಬರದಿದ್ದರೆ ನಾನು ಇಲ್ಲಿಗೆ ಬರುವುದಿಲ್ಲ. ನನ್ನ ಮೂವರು ಮಕ್ಕಳಿಲ್ಲ, ಮೊಮ್ಮಗಳು ಚಲುವಿ ಇಲ್ಲ. ಹೋದ ವಾರ ಚಲುವಿಗೆ ವಿಷಯ ಹೇಳಿದೆ. ಇಪ್ಪತ್ತಾರರ ಹೆಂಗಸು, ಮಗ್ಗದ ಕೆಲಸದವಳು, ನನಗಿಂತ ಗಟ್ಟಿಗಿತ್ತಿ. "ನಿಮ್ಮಪ್ಪನ್ನ ಬಿಡಿಸೋಕೆ ನಮ್ಮನ್ನೆಲ್ಲ ಅಳಿಸ್ತೀಯಾ ಅಜ್ಜಿ?" ಅಂದಳು. ಮೂರು ದಿನ ನನ್ನ ಕೈಯ ಊಟ ಮುಟ್ಟಲಿಲ್ಲ. ನಾಲ್ಕನೆಯ ದಿನ ತಾನೇ ಕೊಟ್ಟಿಗೆಗೆ ಹೋಗಿ ಕಾರಿನೊಳಗೆ ನನ್ನ ಸೀಟಿನಲ್ಲಿ ಕೂತಳು. ಹೊರಗೆ ಬಂದಾಗ ತುಟಿ ನೀಲಿಯಾಗಿತ್ತು. ದಿನ ಹತ್ತಿರ ಬಂದಿದ್ದರಿಂದಲೋ ಏನೋ, ಅವಳಿಗೆ ಕೇಳಿಸಿತಂತೆ. ಪಕ್ಕದ ಸೀಟಿನಿಂದ, ಹೆದರ್ಬೇಡ ಮರಿ, ಬ್ರೇಕ್ ಹಿಡ್ದಿದೀನಿ. ಮತ್ತೆ ಅದೇ. ಮತ್ತೆ ಅದೇ. "ಒಬ್ಬ ಮನುಷ್ಯ ಅರವತ್ತೆಂಟು ವರ್ಷ ಒಂದೇ ಮಾತು ಹೇಳ್ತಾ ಕೂತಿರಬಾರ್ದು ಅಜ್ಜಿ. ಬರಿ" ಎಂದು ಅವಳೇ ಮಸಿ ಕಾಯಿಸಿಕೊಟ್ಟಳು. ಇಲ್ಲಿನ ಚಳಿಗೆ ಮಸಿಯೂ ಹೆಪ್ಪುಗಟ್ಟುತ್ತದೆ.

ಮೊನ್ನೆ ಒಂದು ಕಾಗದ ಬರೆದು ಮುಗಿಸಿದೆ. ಚಲುವಿ ಅದನ್ನು ಓದುತ್ತಾ ಓದುತ್ತಾ ಎದ್ದುಹೋಗಿ, ಟೈರ್ ಚೀಟಿ ಇಟ್ಟ ಡಬ್ಬಿಯಿಂದ ಇನ್ನೊಂದು ಕಾಗದ ತಂದಳು. ನಾನು ಬಂದ ದಿನ ಕಾರಿನಲ್ಲಿ ಸಿಕ್ಕಿದ್ದು, ಮುದುರಿದ್ದು. ಮಂಜಿಗೆ ಒದ್ದೆಯಾಗಿ ಎಲ್ಲ ಅಳಿಸಿಹೋಗಿ ಕೊನೆಯ ಸಾಲು ಮಾತ್ರ ಉಳಿದಿದೆ: 'ಹುಷಾರಾಗಿ ಹೋಗಿ ಬಾ.' ನಮ್ಮ ಅಜ್ಜಿಯೋ ಅಮ್ಮನೋ ಬರೆದಿದ್ದು ಎಂದುಕೊಂಡಿದ್ದೆ. ಚಲುವಿ ಎರಡನ್ನೂ ಪಕ್ಕಪಕ್ಕ ಹಿಡಿದಳು. ಎರಡೂ ನನ್ನ ಕೈಬರಹ. ನನ್ನ ಹೊಸ ಕಾಗದದ ಕೊನೆಯ ಸಾಲೂ ಅದೇ ಆಗಿತ್ತು.

ಆಗ ಆ ಬೆಳಿಗ್ಗೆ ಪೂರ್ತಿ ನೆನಪಿಗೆ ಬಂತು. ನೀನು ನೆಲಮಾಳಿಗೆಯ ದೀಪದ ಕೆಳಗೆ ಒಂದು ಕಾಗದ ಓದಿದೆ. ಮುಖ ಬಿಳಿಚಿಕೊಂಡಿತು. ನನ್ನನ್ನು ನೋಡಿದೆ. ಕೊನೆಯ ಸಾಲಿಗೆ ಬಂದು ಉಸಿರು ಬಿಟ್ಟು ನಕ್ಕೆ. "ನೋಡು ಮರಿ, ಯಾವ್ದೋ ಅಜ್ಜಿ ನಮಗೆ ಹೋಗಿ ಬನ್ನಿ ಅಂತಿದಾರೆ" ಎಂದು ಮುದುರಿ ಇಟ್ಟೆ. ಹೊರಟೆ.

ತಪ್ಪು ನನ್ನದು. ನಮ್ಮಲ್ಲಿ ಹೊರಟು ನಿಂತವರಿಗೆ ಹೋಗಬೇಡ ಅನ್ನಬಾರದು, ಅಪಶಕುನ. ಎಲ್ಲಿಗೆ ಎಂದೂ ಕೇಳಬಾರದು. ಹೋಗಿ ಬಾ ಅನ್ನಬೇಕು. ಅಕ್ಕಯಮ್ಮ ಕಲಿಸಿದ್ದು, ಕೈಗೆ ಅಂಟಿಹೋಗಿದೆ. ಇಡೀ ಕಾಗದದಲ್ಲಿ ಬೆದರಿಸಿ, ಕೊನೆಗೆ ಆಶೀರ್ವಾದ ಮಾಡಿ ನಾನೇ ನಿನ್ನನ್ನು ಕಳಿಸಿದೆ. ನಾನು ಹುಷಾರಾಗಿ ಅಂದೆ, ನೀನು ಹುಷಾರಾಗಿಯೇ ಹೋದೆ. ಸತ್ತ ರಬ್ಬರಿಗೆ ಹುಷಾರು ಏನು ಗೊತ್ತು.

ಮೊನ್ನೆ ಬರೆದ ಕಾಗದವನ್ನು ಒಲೆಗೆ ಹಾಕಿ, ಅದು ತಲುಪಬೇಕಿದ್ದ ಬೆಳಿಗ್ಗೆಗೇ ಇದನ್ನು ಬರೆಯುತ್ತಿದ್ದೇನೆ. ಇದರ ಜೊತೆ ಟೈರಿನ ಒಂದು ಚೂರು ಇಟ್ಟಿದ್ದೇನೆ. ಇಳಿದು, ಎಡಗಡೆಯ ಮುಂದಿನ ಟೈರಿನ ಹತ್ತಿರ ಬಗ್ಗಿ ನೋಡು. ಚೂರಿನಲ್ಲಿ 3016 ಎಂದು ಇದೆ. ಟೈರು ತಯಾರಾಗಿದ್ದು ಮೂವತ್ತನೆಯ ವಾರ, ಹದಿನಾರನೆಯ ಇಸವಿ. ನಿನ್ನ ಟೈರಿನಲ್ಲೂ ಅದೇ ಅಂಕಿ, ಅದೇ ಜಾಗದಲ್ಲಿ, ಸೊನ್ನೆಯ ಪಕ್ಕ ಅದೇ ಸಣ್ಣ ಗಾಯ. ಆ ಗಾಯದ ಮೇಲೆ ನನ್ನ ಚೂರು ಇಟ್ಟು ನೋಡು. ಆಮೇಲೂ ನಗು ಬಂದರೆ ನಗು.

ನಾಳೆ ಬೆಳಿಗ್ಗೆ ಇದನ್ನು ಡಬ್ಬಿಯಲ್ಲಿಟ್ಟು, ಚಲುವಿಯೂ ನಾನೂ ಕೈ ಹಿಡಿದುಕೊಂಡು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂರುತ್ತೇವೆ. ಅವಳ ಕೈ ನನ್ನ ಕೈಯಿಂದ ಹೋದರೆ ನೀನು ಓದಿದೆ ಎಂದು ತಿಳಿದುಕೊಳ್ಳುತ್ತೇನೆ ಅಂದೆ. "ತಿಳ್ಕೊಳ್ಳೋಕೆ ನೀನೂ ಇರಲ್ವಲ್ಲ ಅಜ್ಜಿ" ಎಂದು ಅವಳು ನಕ್ಕಳು. ಹುಟ್ಟಬೇಕಾದವರು ಎಲ್ಲಿಯಾದರೂ ಹುಟ್ಟುತ್ತಾರೆ ಎಂದು ಅವಳಿಗೆ ಹೇಳಿದ್ದೇನೆ. ನನಗೆ ನಂಬಿಕೆ ಇದೆಯೋ ಇಲ್ಲವೋ ಅವಳು ಕೇಳಲಿಲ್ಲ.

ಎಡಕ್ಕೆ ತಿರುಗಿ ನೋಡು. ಮಗುವಿಗೆ ಹಸಿವಾಗಿದೆ, ಹೇಳುತ್ತಿಲ್ಲ ಅಷ್ಟೆ; ನನಗೆ ನೆನಪಿದೆ. ಅವಳ ಬೆಲ್ಟು ಬಿಚ್ಚು. ಟೋಪಿ ತೆಗೆ. ಎತ್ತಿಕೊಂಡು ಮೇಲೆ ಹೋಗಿ ಅವಳ ಅಮ್ಮನನ್ನು ಎಬ್ಬಿಸು.

ಹೋಗಬೇಡ.