ಆರನೆಯ ಚಾಕು

ರೈಲು ನಿಲ್ದಾಣ, ಮೇಲ್ಸೇತುವೆಯ ಮೆಟ್ಟಿಲ ಕೆಳಗಿನ ಕೋಣೆ
ಮಾರ್ಚ್ ೧೨, ಗುರುವಾರ ಬೆಳಗ್ಗೆ

ಪ್ರೀತಿಯ ಚಿಕ್ಕಪ್ಪ,

ಇವತ್ತು ಬೆಳಗ್ಗೆ ಬೀಗ ತೆಗೆದು ದೀಪ ಹಾಕಿದಾಗ, ಯಾರು ಯಾರೋ ರೈಲಿನಲ್ಲಿ ಮರೆತ ಏಳು ಊಟದ ಡಬ್ಬಿಗಳನ್ನು ತೊಳೆದು ಕಪಾಟಿನ ಕೆಳಸಾಲಿನಲ್ಲಿ ಬೋರಲು ಹಾಕಿದ್ದು ಕಣ್ಣಿಗೆ ಬಿತ್ತು. ಸಿಕ್ಕ ವಸ್ತುವನ್ನು ಸಿಕ್ಕ ಹಾಗೇ ಇಡಬೇಕೆಂಬುದು ಇಲ್ಲಿಯ ನಿಯಮ. ಮೊನ್ನೆ ಸಂಜೆ ರಜೆಯ ಮೇಲೆ ಹೋಗುವ ಮುನ್ನ ನಮ್ಮ ಬೀಗದಮ್ಮ ಅದನ್ನು ಮುರಿದು ಹೋಗಿದ್ದಾರೆ. ನಿನ್ನೆಯ ಗಡಿಬಿಡಿಯಲ್ಲಿ ಗಮನಿಸಿರಲಿಲ್ಲ, ಇವತ್ತು ನೋಡಿದ ತಕ್ಷಣ ನಿಮಗೆ ಬರೆಯಬೇಕು ಅನ್ನಿಸಿತು. ಅದಿರಲಿ, ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ಹದಿನೈದು ದಿನ ಓದಬಾರದು ಎಂದರೆ ನೀವು ಹದಿನೈದು ನಿಮಿಷ ಸುಮ್ಮನಿರುವವರಲ್ಲ. ಇದನ್ನು ಚಿಕ್ಕಮ್ಮನ ಕೈಲಿ ಓದಿಸಿಕೊಳ್ಳಿ. ಚಿಕ್ಕಮ್ಮಾ, ಅವರು ಕಾಗದ ಕಿತ್ತುಕೊಳ್ಳಲು ಬಂದರೆ ದಯವಿಟ್ಟು ಕೊಡಬೇಡಿ.

ಬೀಗದಮ್ಮ ಎಂದರೆ ಈ ಕಳೆದುಹೋದ ವಸ್ತುಗಳ ವಿಭಾಗದ ಹಿರಿಯ ಗುಮಾಸ್ತೆ. ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು ಇರುವುದರಿಂದ ಇಡೀ ನಿಲ್ದಾಣ ಅವರನ್ನು ಹಾಗೆ ಕರೆಯುತ್ತದೆ. ಡಬ್ಬಿಯಲ್ಲಿ ಏನಿತ್ತೆಂದು ಮೊದಲು ಬರೆದಿಟ್ಟುಕೊಂಡು ಆಮೇಲೆ ತೊಳೆಯುತ್ತಾರೆ. ಯಾಕೆಂದು ಒಮ್ಮೆ ಕೇಳಿದ್ದೆ. “ನಾಕು ದಿನ ಬಿಟ್ಟು ಬಂದು ಮುಚ್ಚಳ ತೆಗೆದ್ರೆ ವಾಸನೆಗೆ ಅವರ ಮುಖ ಸಣ್ಣಗಾಗುತ್ತೆ ಕಣೇ. ಡಬ್ಬಿ ಜೊತೆ ಮರ್ಯಾದೆನೂ ವಾಪಸ್ ಕೊಡಬೇಕಲ್ವಾ?” ಅಂದಿದ್ದರು. ನೀವು ಕೊಟ್ಟ ಟಿಪ್ಪಣಿ ಪುಸ್ತಕದಲ್ಲಿ ಫ್ರೊನೆಸಿಸ್ ಎಂಬ ಗ್ರೀಕ್ ಪದದ ಎದುರು ‘ಬಾಳುವೆಯ ವಿವೇಕ’ ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದೀರಲ್ಲ? ಎಳೆಯರು ರೇಖಾಗಣಿತದಲ್ಲಿ ಪಂಡಿತರಾಗಬಹುದು, ಆದರೆ ಈ ವಿವೇಕ ಅವರಿಗೆ ದಕ್ಕುವುದು ಕಷ್ಟ, ಏಕೆಂದರೆ ಅದಕ್ಕೆ ಬಿಡಿಬಿಡಿ ಸಂಗತಿಗಳನ್ನು ಕಂಡು ಪಳಗಿರಬೇಕು ಎಂದು ಆ ಹಳೆಯ ಗ್ರೀಕರು ತಿಳಿದಿದ್ದರು ಎಂದೂ ಬರೆದಿದ್ದೀರಿ. ಓದಿದಾಗ ನನಗೆ ಸ್ವಲ್ಪ ಕೋಪ ಬಂದಿತ್ತು. ಈಗ ಇಲ್ಲ.

ಕಳೆದ ತಿಂಗಳು ಸೂಟು ಹಾಕಿದ ಒಬ್ಬರು ಬಂದು ಒಂದು ಚರ್ಮದ ಬ್ಯಾಗಿನ ಬಣ್ಣ, ಜೇಬುಗಳು, ಜಿಪ್ಪಿನ ಮುರಿದ ಹಲ್ಲು ಎಲ್ಲವನ್ನೂ ಪಟಪಟನೆ ಹೇಳಿದರು. ನಿಯಮದ ಪ್ರಕಾರ ಮೂರು ಗುರುತು ಹೊಂದಿದರೆ ಸಾಕು. ಕೊಟ್ಟುಬಿಟ್ಟೆ. ಮರುದಿನ ಬಂದ ನರ್ಸ್ ಒಬ್ಬರಿಗೆ ತಮ್ಮ ಬ್ಯಾಗು ಕಂದೋ ಕಪ್ಪೋ ಎಂಬುದೇ ಗೊತ್ತಿರಲಿಲ್ಲ. ಆದರೆ ಒಳಗೆ ತಂದೆಯ ಕಿವಿಯ ಯಂತ್ರವಿತ್ತು ಎಂದರು. ಸೂಟಿನವರು ಒಯ್ದ ಬ್ಯಾಗಿನ ಎದುರು ನಮ್ಮ ದಾಖಲೆಯಲ್ಲೂ ಅದೇ ಇತ್ತು. ಅವರು ಅದನ್ನು ಒಯ್ಯುವ ಹಿಂದಿನ ದಿನವೇ ಕೌಂಟರಿನ ಮುಂದೆ ನಿಂತು ಕಪಾಟನ್ನು ನೋಡಿಕೊಂಡು ಹೋಗಿದ್ದರಂತೆ. ನಾನು ಅತ್ತುಬಿಟ್ಟೆ. ಬೀಗದಮ್ಮ ಬೈಯಲಿಲ್ಲ. “ತನ್ನ ಸ್ವಂತದ್ದನ್ನ ಯಾರು ಅಷ್ಟು ಹುಷಾರಾಗಿ ನೋಡಿರ್ತಾರೆ ಮಗಾ? ಪರೀಕ್ಷೆಗೆ ಓದ್ಕೊಂಡು ಬರೋನು ಕಳ್ಳ” ಅಂದರು. ಮೇಲಧಿಕಾರಿ ಮಾತ್ರ, ಇನ್ನೊಂದು ತಪ್ಪಾದರೆ ಮನೆಗೆ ಹೋಗಬಹುದು ಎಂದು ಬರೆದೇ ಕೊಟ್ಟರು.

ನಾನೋ ಪದವೀಧರೆ, ತಕ್ಷಣ ಹೊಸ ಸೂತ್ರ ಮಾಡಿಕೊಂಡೆ: ಚೆನ್ನಾಗಿ ವರ್ಣಿಸುವವರನ್ನು ನಂಬಬಾರದು. ಆ ವಾರವೇ ಒಬ್ಬರು ಬಂದು ತಮ್ಮ ಕೈಚೀಲದ ಒಂದೊಂದು ಹೊಲಿಗೆಯನ್ನೂ ಬಣ್ಣಿಸಿದರು. ನಾನು ಪೊಲೀಸರನ್ನು ಕರೆಯುವುದೊಂದೇ ಬಾಕಿ. ಬೀಗದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಪೆದ್ದೀ, ಅವರ ಕೊರಳಲ್ಲಿ ಅಳತೆ ಟೇಪು ನೇತಾಡ್ತಿದೆ, ನೋಡು. ದರ್ಜಿ ಹೊಲಿಗೆ ನೋಡದೆ ಆಕಾಶ ನೋಡ್ತಾರಾ?” ಚಿಕ್ಕಪ್ಪ, ಆ ಟೇಪು ನನ್ನ ಕಣ್ಣಿಗೂ ಬಿದ್ದಿತ್ತು. ಕಂಡಿತ್ತು, ಅಷ್ಟೆ. ಬೀಗದಮ್ಮನಿಗೆ ಕಂಡದ್ದು ಮನುಷ್ಯ. ಇಪ್ಪತ್ತೊಂಬತ್ತು ವರ್ಷ ಈ ಕಿಟಕಿಯ ಹಿಂದೆ ಕೂತು ಕಲಿತ ಆ ನೋಟದ ಎದುರು, ಸಮುದ್ರವನ್ನು ಮೊದಲ ಸಲ ಕಂಡಾಗ ನಿಂತ ಹಾಗೆ ನಿಂತುಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಅಡುಗೆ ಕೆಲಸದ ಒಬ್ಬ ಹೆಂಗಸು ಬಂದಿದ್ದರು. ಚಾಕುಗಳನ್ನು ಸುತ್ತಿಟ್ಟ ಬಟ್ಟೆಯ ಸುರುಳಿ ಕಳೆದಿದೆ. ನಾಳೆ ಶುಕ್ರವಾರ ಹೊಸ ಹೋಟೆಲೊಂದರಲ್ಲಿ ಕೆಲಸ ಕೊಡುವ ಮುನ್ನ ಅವರ ಅಡುಗೆಯ ಕೈ ಪರೀಕ್ಷಿಸುತ್ತಾರಂತೆ. ಪರರ ಚಾಕುವಿನಲ್ಲಿ ತನ್ನ ಕೈ ಓಡುವುದಿಲ್ಲ ಎಂದರು. ಎಷ್ಟಿದ್ದವು ಎಂದೆ. ಆರು ಎಂದರು. ನಮ್ಮಲ್ಲಿರುವ ಸುರುಳಿಯಲ್ಲಿ ಐದೇ ಇವೆ. ಮತ್ತೆ ಕೇಳಿದೆ. “ಆರೇ ಕಣಮ್ಮಾ! ನನ್ನ ಮಕ್ಕಳ ಲೆಕ್ಕ ತಪ್ಪಿದ್ರೂ ಇದರ ಲೆಕ್ಕ ತಪ್ಪಲ್ಲ.” ಸಂಖ್ಯೆ ಹೊಂದದಿದ್ದರೆ ಕೊಡುವಂತಿಲ್ಲ. ಇಂದು ಸಂಜೆಗೆ ಅವಧಿ ಮುಗಿದು ಸುರುಳಿ ಹರಾಜಿನ ಗೋದಾಮಿಗೆ ಹೋಗುತ್ತದೆ. ಇವತ್ತು ಮಧ್ಯಾಹ್ನ ಇನ್ನೊಮ್ಮೆ ಬನ್ನಿ ಎಂದು ಕಳಿಸಿ, ಬೀಗದಮ್ಮನಿಗೆ ಫೋನ್ ಮಾಡಿದೆ. ಕಾಯಿಲೆ ಬಿದ್ದ ತಮ್ಮ ಅಕ್ಕನ ಹಾಸಿಗೆಯ ಪಕ್ಕ ಕೂತಿದ್ದರು, ಪಿಸುದನಿಯಲ್ಲಿ ಹೇಳಿದ್ದು ಇಷ್ಟೇ: “ನಾನು ಅವರ ಮುಖ ನೋಡಿಲ್ಲ, ನೀನು ನೋಡಿದೀಯ. ನಾನು ಹೇಗೆ ಹೇಳಲಿ?”

ಅಲ್ಲಿಗೆ ನನ್ನ ನಿಯಮದ ಪುಸ್ತಕವೂ ಮುಗಿಯಿತು, ನಿಮ್ಮ ಟಿಪ್ಪಣಿಯೂ ಮುಗಿಯಿತು. ಕಣ್ಣಿಗೆ ಹನಿ ಹಾಕುವುದನ್ನು ಮರೆಯಬೇಡಿ. ಚಿಕ್ಕಮ್ಮನಿಗೆ ನಮಸ್ಕಾರ, ಪುಟ್ಟನಿಗೆ ಒಂದು ಗುದ್ದು.

ನಿಮ್ಮ
ಮೌನಗೌರಿ

ತಾ.ಕ.: ಅಂಚೆಗೆ ಹಾಕಲು ಎದ್ದವಳು ಸುರುಳಿಯನ್ನು ಇನ್ನೊಮ್ಮೆ ಬಿಚ್ಚಿದೆ. ಜೇಬುಗಳು ಆರು ಇವೆ! ಆರನೆಯದು ಖಾಲಿ, ಅದರ ಬಾಯಿ ಅಂಟಿಕೊಂಡು ಎಷ್ಟೋ ವರ್ಷವಾದಂತಿದೆ. ಆ ಚಾಕು ಯಾವತ್ತೋ ಮುರಿದುಹೋಗಿರಬೇಕು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಅಜ್ಜಿ ಇವತ್ತಿಗೂ ಅಜ್ಜನನ್ನು ಸೇರಿಸಿಯೇ ಹೇಳುತ್ತಾರಲ್ಲ, ಹಾಗೆ ಇವರೂ ಎಣಿಸುತ್ತಿದ್ದಾರೆ. ನನ್ನ ಊಹೆ ತಪ್ಪಿರಲೂಬಹುದು, ತಪ್ಪಿದರೆ ಕೆಲಸ ಹೋಗುತ್ತದೆ. ಯಾರನ್ನೂ ಕೇಳುವುದಿಲ್ಲ. ಮಧ್ಯಾಹ್ನ ಅವರು ಬಂದಾಗ ಸುರುಳಿ ಕೊಡುತ್ತೇನೆ. ದಾಖಲೆಯಲ್ಲಿ ‘ಸಂಖ್ಯೆ ಹೊಂದಲಿಲ್ಲ, ಆದರೂ ಕೊಟ್ಟಿದ್ದೇನೆ’ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕುತ್ತೇನೆ.