ಹರಿದ ತುಟಿಯ ಮೀನು

ಅತಿಥಿಗೃಹದ ಮ್ಯಾನೇಜರ್ ಸಾಹೇಬರಿಗೆ, ಮೂರನೇ ನಂಬರ್ ದೋಣಿಯವಳ ನಮಸ್ಕಾರ.

ಊಟದ ಹಾಲಿನಲ್ಲಿ ನೀವು ಹಾಕಿಸಿರುವ ಹೊಸ ಫೋಟೊ ನೋಡಿದೆ. ವಕೀಲರು ಮೀನನ್ನು ಮಗುವಿನಂತೆ ಎತ್ತಿಕೊಂಡು ಹಲ್ಲು ಕಿರಿದು ನಿಂತಿದ್ದಾರೆ. ಕೆಳಗೆ ‘ಹಿಡಿದು, ಮತ್ತೆ ನೀರಿಗೆ ಬಿಟ್ಟ ಮೀನು’ ಎಂದು ಬರೆಸಿದ್ದೀರಿ. ಬಿಟ್ಟವಳು ನಾನು. ಅಷ್ಟರಲ್ಲಿ ಅದು ಸತ್ತಿತ್ತು.

ಆ ಮೀನು ನನಗೆ ಹೊಸದಲ್ಲ. ತುಟಿ ಹರಿದದ್ದು. ಹಿಂದೆ ಮೂರು ಸಲ ಗಾಳಕ್ಕೆ ಸಿಕ್ಕಿ, ಮೂರು ಸಲವೂ ನನ್ನ ಕೈಯಿಂದಲೇ ಜಲಾಶಯಕ್ಕೆ ಮರಳಿತ್ತು. ಈ ಸಲ ಹೊಟ್ಟೆ ತುಂಬ ಮೊಟ್ಟೆ. ಬೆಟ್ಟದ ತೊರೆ ಹತ್ತಲು ಹೊರಟಿತ್ತು.

“ಸಾಕು ಬಿಡಿ ಸಾರ್, ಅದಕ್ಕೆ ಉಸಿರು ಕಟ್ತಿದೆ” ಎಂದು ಗೋಗರೆದೆ.

“ಇರಮ್ಮ, ಇನ್ನೊಂದೇ ಒಂದು ಫೋಟೊ. ಇದ್ರಲ್ಲಿ ನನ್ನ ಕಣ್ಣು ಮುಚ್ಚೋಗಿದೆ” ಎಂದರು.

ಆಮೇಲೆ ನಾನು ಸೊಂಟಮಟ್ಟದ ನೀರಿನಲ್ಲಿ ನಿಂತು, ಅದರ ಬಾಲ ಹಿಡಿದು ಹಿಂದೆ ಮುಂದೆ ಆಡಿಸಿದ್ದೇ ಬಂತು. ಕಿವಿರು ಅಲುಗಲೇ ಇಲ್ಲ. “ನೋಡ್ರೋ, ಹೇಗೆ ಈಜ್ತಿದೆ!” ಎಂದು ದಡದಲ್ಲಿ ಅವರು ಗೆಳೆಯರಿಗೆ ತೋರಿಸಿ ಚಪ್ಪಾಳೆ ತಟ್ಟಿದರು.

ಭಾನುವಾರ ಮತ್ತೆ ಬರುತ್ತಾರಂತೆ, ನನ್ನ ದೋಣಿಯೇ ಬೇಕಂತೆ. ಬರಲಿ. ಆದರೆ ಅಷ್ಟರೊಳಗೆ ಆ ಸುಳ್ಳನ್ನು ಕಿತ್ತುಹಾಕಿ, ಅದೇ ಜಾಗದಲ್ಲಿ ನನ್ನ ದೋಣಿಯ ನಿಯಮ ಬರೆಸಿ: ಮೀನು ನೀರಿನಿಂದ ಮೇಲೆ ಬಂದ ಕೂಡಲೇ ಹಿಡಿದವರೂ ಉಸಿರು ಬಿಗಿಹಿಡಿಯಬೇಕು. ತಮಗೆ ತಡೆಯಲಾಗದ ಗಳಿಗೆಯಲ್ಲಿ ಅದನ್ನು ನೀರಿಗಿಳಿಸಬೇಕು.

ಅವತ್ತು ನಾನು ಹಾಗೆಯೇ ಉಸಿರು ಹಿಡಿದಿದ್ದೆ. ಮೂರನೇ ಫೋಟೊಗೇ ನನ್ನ ಕೈಲಾಗಲಿಲ್ಲ. ನೀವು ಗೋಡೆಗೆ ಹಾಕಿಸಿರುವುದು ಹನ್ನೊಂದನೆಯದು.

ಇಂತಿ,
ಆ ಫೋಟೊದಲ್ಲಿ ಇಲ್ಲದವಳು