ಹಾಡಿಗೆ ಹೊಂದಿಸಿದ ನೆರಳು

ಮಂಗಳವಾರ, ಬೆಳಿಗ್ಗೆ

ನನ್ನ ಗ್ರಹಣದ ಹುಡುಗಿಗೆ,

ಕೆನ್ನೆಗೊಂದು ಮುತ್ತು, ಕಿವಿಗೊಂದು ಹಿಂಡು. ಎರಡೂ ಏಕೆಂದು ಹೇಳುತ್ತೇನೆ.

ನೀನು ವೀಕ್ಷಣಾಲಯದಿಂದ ಕಳಿಸಿದ ಲೆಕ್ಕ ತಲುಪಿತು. ಬಟ್ಟೆ ಒಗೆಯುತ್ತಿದ್ದ ನನ್ನ ಕವಯಿತ್ರಿಯ ಹಾಡಿನಲ್ಲಿ ನಡುಮಧ್ಯಾಹ್ನ ಚುಕ್ಕಿಗಳು ಮೂಡುತ್ತವೆ. ಅವಳು ಅರ್ಧ ಹಿಂಡಿದ ಸೀರೆಯನ್ನು ಹೊಳೆಗೆ ಬಿಟ್ಟು ಮಗುವಿದ್ದ ಮನೆಗೆ ಓಡುತ್ತಾಳೆ. ಎಂಟುನೂರು ವರ್ಷದ ಹಿಂದೆ, ಅವಳು ಬದುಕಿದ್ದಾಗ, ಅವಳ ಊರಿನಲ್ಲಿ ಸೂರ್ಯ ಪೂರ್ತಿ ಮರೆಯಾಗಿದ್ದನೆಂದರೆ ಹಾಡು ಅವಳದೇ. ಇಲ್ಲವಾದರೆ ಪಂಡಿತರು ಹೇಳುವಂತೆ, ಮುಂದೆ ಯಾವನೋ ಆಸ್ಥಾನದ ಕವಿ ಕೂತು ಕಟ್ಟಿದ್ದು. ನನ್ನ ಪುಸ್ತಕ ನಿಂತಿರುವುದೇ ಈ ಒಂದು ಮಾತಿನ ಮೇಲೆ. ಹೋದ ವರ್ಷ ನೀನೇ ಗ್ರಹಣದ ನೆರಳು ಅವಳ ಊರಿನ ಪಕ್ಕದಲ್ಲಿ ಹಾದುಹೋಯಿತು ಎಂದಿದ್ದೆ. ಈಗ ಊರಿನ ನೆತ್ತಿಯ ಮೇಲೆ ತಂದು ನಿಲ್ಲಿಸಿದ್ದೀಯೆ!

ಖುಷಿಯಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ಅನುಮಾನ ಬಂತು. ಭೂಮಿ ತಿರುಗುವ ವೇಗ ಶತಮಾನ ಕಳೆದಂತೆ ಚೂರುಚೂರೇ ಕಡಿಮೆಯಾಗುತ್ತದೆ, ಎಷ್ಟು ಕಡಿಮೆ ಎಂಬುದಕ್ಕೆ ಹಿಂದೆ ಗ್ರಹಣ ಕಂಡವರ ಮಾತೇ ಆಧಾರ ಎಂದು ಅಡುಗೆಮನೆಯಲ್ಲಿ ನಿಂಬೆಹಣ್ಣು ತಿರುಗಿಸಿ ನನಗೆ ಕಲಿಸಿದವಳು ನೀನು. ಆ ಅಂದಾಜು ಬದಲಾದರೆ ನೆರಳು ಬೀಳುವ ಊರೂ ಬದಲಾಗುತ್ತದೆ. ಹಾಗಾದರೆ ಈ ಸಲ ಯಾರ ಮಾತು ನಂಬಿ ಅಂದಾಜು ಬದಲಿಸಿದೆ? ನನ್ನ ಕವಯಿತ್ರಿಯದೇ! ಹಾಡನ್ನು ನಂಬಿ ನೆರಳನ್ನು ಸರಿಸಿದೆ. ಸರಿದ ನೆರಳು ತೋರಿಸಿ ಹಾಡು ನಿಜವೆಂದೆ. ತನ್ನ ಭುಜವನ್ನು ತಾನೇ ಹತ್ತಿ ನಿಂತ ಹಾಗಾಯಿತಲ್ಲೇ.

ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನಿಗೆ ಹೇಳಿದರೆ, ಬಿಡೀಮ್ಮಾ, ಯಾರು ನೋಡ್ತಾರೆ, ಪುಸ್ತಕ ಬಂದ್ರೆ ಸಾಕಲ್ವಾ ಎಂದ. ನಿನ್ನ ಜೊತೆ ಕೆಲಸ ಮಾಡುವವರು ನೋಡುತ್ತಾರೆ. ಆಮೇಲೆ ನೀನು ಹೇಳುವ ಯಾವ ಲೆಕ್ಕವನ್ನೂ ಅವರು ನಂಬುವುದಿಲ್ಲ.

ನನಗೆ ಕೋಪವಿಲ್ಲ. ನನ್ನ ಕಣ್ಣು ಹೆಚ್ಚು ದಿನ ಬಾಳುವುದಿಲ್ಲ ಎಂದು ಡಾಕ್ಟರು ನಿನಗೆ ಹೇಳಿದ್ದಾರೆ. ಅವರ ಬಾಯಲ್ಲಿ ಯಾವ ಮಾತು ನಿಲ್ಲುತ್ತದೆ, ನಿನಗೆ ಹೇಳಿದ್ದನ್ನು ನನಗೂ ಹೇಳಿದರು. ನೋಟ ಹೋಗುವ ಮೊದಲು ಅಮ್ಮ ತನ್ನ ಪುಸ್ತಕವನ್ನು ನೋಡಲಿ ಎಂದು ನಿನಗೆ ಆತುರ. ಅದನ್ನು ನೆನೆದು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಆದರೂ ನಿನ್ನೆ ಈ ಹಾಡಿನ ಅಧ್ಯಾಯವನ್ನು ಅಚ್ಚಿನ ಮನೆಯಿಂದ ವಾಪಸು ತೆಗೆದುಕೊಂಡೆ. ಬೇರೆ ಊರುಗಳಲ್ಲಿ ಅದೇ ಗ್ರಹಣ ಕಂಡವರ ಮಾತು ಹುಡುಕು. ಹಾಡು ಅವಳದಲ್ಲ ಎಂದಾದರೆ, ಹಾಗೆಂದೇ ಬರೆಯೋಣ. ನನ್ನ ಹೊಟ್ಟೆ ಉರಿಯುತ್ತದೆ, ಉರಿಯಲಿ.

ಊಟ ಬಿಟ್ಟು ಕೂತು ಇದಕ್ಕೆ ಕೊರಗಬೇಡ.

ನಿನ್ನ ಹಟಮಾರಿ,
ಅಮ್ಮ

ಮರೆತ ಮಾತು: ನಾನು ಯಾವಾಗಲೂ ಟೈಪ್ ಮಾಡಿ ಬರೆಯುವವಳಾದ್ದರಿಂದ ನಿನಗೆ ತಿಳಿಯಲಿಲ್ಲ. ಹೋದ ತಿಂಗಳಿಂದ ನಾನು ಹೇಳಿದ್ದನ್ನು ಟೈಪ್ ಮಾಡುತ್ತಿರುವವನು ಆ ಕರಡು ತಿದ್ದುವವನೇ. ನಿನ್ನ ಲೆಕ್ಕವನ್ನು ಓದಿ ಹೇಳಿದವನೂ ಅವನೇ. ಆತುರಪಡುವ ಕಾಲ ಮುಗಿಯಿತು, ಮಗಳೇ. ಇನ್ನು ನಿಧಾನವಾಗಿ, ಸರಿಯಾಗಿ ಮಾಡು.